ಐದು ಮಹಡಿ ಕಮರ್ಷಿಯಲ್ ಬಿಲ್ಡಿಂಗ್‌ಗೆ ಅಡ್ರೆಸೆಬಲ್ ಫೈರ್ ಅಲಾರ್ಮ್, ಯಾವುದು ತಗೋಬೇಕ್ರಿ?

ಪ್ರಶ್ನೆ (ಕಟ್ಟಡದ ಮಾಲೀಕರು, ಹುಬ್ಬಳ್ಳಿ)

ನಮಸ್ಕಾರ್ರಿ ಎಲ್ಲಾರಿಗೂ. ನಮ್ದೊಂದು ಕಮರ್ಷಿಯಲ್ ಬಿಲ್ಡಿಂಗ್ ಮುಗಿಯೋ ಹಂತಕ್ಕ ಬಂದೈತಿ. ಕೆಳಗ ಬೇಸ್‌ಮೆಂಟ್ ಪಾರ್ಕಿಂಗ್, ನೆಲಮಹಡ್ಯಾಗ ಬಟ್ಟಿ ಶೋರೂಮ್, ಅದರ ಮ್ಯಾಲ ಒಂದು ಬ್ಯಾಂಕು ಎರಡು ಕ್ಲಿನಿಕ್ಕು, ಆಮ್ಯಾಲ ಎರಡು ಮಹಡಿ ಆಫೀಸು, ತುದಿಗೆ ರೆಸ್ಟೋರೆಂಟ್. ಒಂದೊಂದು ಮಹಡಿ ಸುಮಾರು 4,000 ಚದರಡಿ. ಫೈರ್ ಅಲಾರ್ಮ್‌ಗೆ ಮೂರು ಕೊಟೇಶನ್ ಬಂದಾವ. ಒಬ್ಬಾಂವ ಕನ್ವೆನ್ಷನಲ್ ಸಾಕು ಅಂತಾನ, ಇನ್ನಿಬ್ಬರು ಅಡ್ರೆಸೆಬಲ್ ಹಾಕ್ರಿ ಅಂತಾರ, ಆದ್ರ ಆ ಇಬ್ಬರ ರೇಟಿನಾಗೂ ಭಾಳ ಫರಕ್ ಐತಿ, ಒಬ್ಬಾಂವ ಒಂದ ಲೂಪ್ ಸಾಕು ಅಂತಾನ, ಇನ್ನೊಬ್ಬಾಂವ ಎರಡು ಬೇಕ ಬೇಕು ಅಂತಾನ. ನಂಗ ಲೂಪ್ ಅಂದ್ರ ಏನಂತನ ಸರಿಯಾಗಿ ಗೊತ್ತಿಲ್ರಿ. ಇದರಾಗ ಕೆಲಸ ಮಾಡೋರು ಯಾರರ ಇದ್ರ ಯಾವ ಕಂಪನಿದು ಚಲೋ ಅಂತ ಹೇಳ್ರಿ, ಪುಣ್ಯ ಬರ್ತೈತಿ.

ಉತ್ತರ (ಫೈರ್ ಅಲಾರ್ಮ್ ಡಿಸೈನ್ ಮತ್ತು ಕಮಿಷನಿಂಗ್ ಎಂಜಿನಿಯರ್, ಬೆಂಗಳೂರು)

ಸರ್ ನಮಸ್ಕಾರ. ಮೊದಲು ಕನ್ವೆನ್ಷನಲ್ ಮಾತು ಮುಗಿಸಿಬಿಡೋಣ. ಅದರಲ್ಲಿ ಹೊಗೆ ಅಥವಾ ಶಾಖ ಪತ್ತೆ ಮಾಡೋ ಹತ್ತಿಪ್ಪತ್ತು ಡಿಟೆಕ್ಟರ್ ಸೇರಿಸಿ ಒಂದು ಝೋನ್ ಮಾಡ್ತಾರೆ, ಬೆಂಕಿ ಬಿದ್ರೆ ಪ್ಯಾನೆಲ್ಲಲ್ಲಿ, ಅಂದ್ರೆ ಇವೆಲ್ಲ ಬಂದು ಸೇರೋ ಕಂಟ್ರೋಲ್ ಪೆಟ್ಟಿಗೇಲಿ, ಝೋನ್ 4 ಅಂತ ಒಂದು ಕೆಂಪು ಲೈಟ್ ಹತ್ತತ್ತೆ ಅಷ್ಟೇ. ರಾತ್ರಿ ಎರಡು ಗಂಟೆಗೆ ವಾಚ್‌ಮನ್ ಮೂರನೇ ಮಹಡಿಗೆ ಓಡಿ, ಬೀಗ ಹಾಕಿರೋ ನಾಲ್ಕು ಆಫೀಸಿನ ಮುಂದೆ ನಿಂತು ಯಾವುದರ ಬೀಗ ಒಡೀಬೇಕು ಅಂತ ಯೋಚನೆ ಮಾಡ್ಬೇಕು. ಅಡ್ರೆಸೆಬಲ್‌ನಲ್ಲಿ ಪ್ರತಿ ಡಿಟೆಕ್ಟರಿಗೂ ಒಂದು ನಂಬರ್, ಅದರ ಜೊತೆಗೆ ನಾವು ಬರೆದ ಹೆಸರು ಇರತ್ತೆ, ಪ್ಯಾನೆಲ್ ಮೇಲೆ "3ನೇ ಮಹಡಿ ಯುಪಿಎಸ್ ರೂಮ್" ಅಂತ್ಲೇ ಬರತ್ತೆ. ನಿಮ್ಮ ಥರ ಬೇರೆ ಬೇರೆ ಬಾಡಿಗೆದಾರರು, ಮೇಲೆ ಅಡುಗೆಮನೆ, ಕೆಳಗೆ ಪಾರ್ಕಿಂಗ್ ಇರೋ ಬಿಲ್ಡಿಂಗಿಗೆ ಅಡ್ರೆಸೆಬಲ್ಲೇ ಸರಿ. ಸಣ್ಣ ಗೋಡೌನು, ಒಂದೇ ಶೋರೂಮ್ ಆಗಿದ್ರೆ ನಾನೇ ಕನ್ವೆನ್ಷನಲ್ ಹಾಕಿ ಅಂತಿದ್ದೆ.

ಲೂಪ್ ಅಂದ್ರೆ ಪ್ಯಾನೆಲ್ಲಿಂದ ಹೊರಟ ಎರಡು ಎಳೆ ಕೇಬಲ್ ಎಲ್ಲಾ ಡಿಟೆಕ್ಟರ್ ಹಾದು ವಾಪಸ್ ಪ್ಯಾನೆಲ್ಲಿಗೇ ಬರೋದು. ಎಲ್ಲೋ ಒಂದು ಕಡೆ ಕಟ್ ಆದ್ರೂ ಎರಡೂ ತುದಿಯಿಂದ ಪ್ಯಾನೆಲ್ ಮಾತಾಡತ್ತೆ, ಯಾವ ಡಿಟೆಕ್ಟರೂ ಸಾಯಲ್ಲ. ಆದ್ರೆ ಕಟ್ ಆಗೋದು ಬೇರೆ ಶಾರ್ಟ್ ಆಗೋದು ಬೇರೆ. ಶಾರ್ಟ್ ಆದ್ರೆ ಇಡೀ ಲೂಪ್ ಮಲಗತ್ತೆ, ಅದಕ್ಕೇ ಮಧ್ಯೆ ಮಧ್ಯೆ ಐಸೊಲೇಟರ್ ಬೇಕು, ಅದು ಶಾರ್ಟ್ ಆದ ತುಂಡನ್ನ ಮಾತ್ರ ಬಿಡಿಸಿಹಾಕತ್ತೆ. ನಿಮ್ಮ ಕೊಟೇಶನ್‌ಗಳಲ್ಲಿ ಐಸೊಲೇಟರ್ ಎಷ್ಟಿದೆ ಅಂತ ಇವತ್ತೇ ನೋಡಿ. ರೇಟ್ ಕಮ್ಮಿ ತೋರಿಸ್ಬೇಕು ಅಂದಾಗ ಮೊದಲು ಹಾರಿಹೋಗೋದು ಅದೇ. ಕೊನೇಪಕ್ಷ ಪ್ರತಿ ಮಹಡಿಯ ಒಳಗೆ ಬರೋ ಕಡೆ ಒಂದು, ಹೊರಗೆ ಹೋಗೋ ಕಡೆ ಒಂದು ಇರ್ಲೇಬೇಕು. ಈಗ ಡಿಟೆಕ್ಟರ್ ಒಳಗೇ ಐಸೊಲೇಟರ್ ಇರೋ ಮಾಡೆಲ್ಲೂ ಬರತ್ತೆ, ಸ್ವಲ್ಪ ದುಡ್ಡು ಜಾಸ್ತಿ, ಆದ್ರೂ ನಾನು ಅದನ್ನೇ ಹಾಕ್ಸಿ ಅಂತೀನಿ.

ಒಂದು ಲೂಪೋ ಎರಡೋ ಅನ್ನೋದು ಲೆಕ್ಕದ ವಿಷ್ಯ. ಬೇಸ್‌ಮೆಂಟ್ ಸೇರಿ ಆರು ಲೆವೆಲ್, ಒಂದೊಂದಕ್ಕೆ ರೂಮು, ಕಾರಿಡಾರು, ಫಾಲ್ಸ್ ಸೀಲಿಂಗ್ ಮೇಲಿಂದು ಎಲ್ಲಾ ಸೇರಿ ಅಂದಾಜು 20 ಡಿಟೆಕ್ಟರ್ ಹಿಡೀರಿ, 120 ಆಯ್ತು. ಮೆಟ್ಟಿಲ ಬಾಗಿಲ ಹತ್ರ ಒಡೆಯೋ ಮ್ಯಾನುವಲ್ ಕಾಲ್ ಪಾಯಿಂಟ್ 12, ಲೂಪಿಂದಲೇ ಕರೆಂಟ್ ತಗೊಳ್ಳೋ ಸೌಂಡರ್ (ಸದ್ದು ಮಾಡೋ ಹೂಟರ್) 12, ಲಿಫ್ಟು ಎಸಿ ಸ್ಪ್ರಿಂಕ್ಲರ್ ಫ್ಲೋ ಸ್ವಿಚ್ಚನ್ನೆಲ್ಲ ಲೂಪಿಗೆ ಜೋಡಿಸೋ ಮಾಡ್ಯೂಲ್ 10, ಅಲ್ಲಿಗೆ 154. ಅಪೋಲೊ ಅನ್ನೋ ಡಿಟೆಕ್ಟರ್ ಕಂಪನಿಯ ಹಳೇ ಪ್ರೋಟೋಕಾಲಲ್ಲಿ (ಪ್ಯಾನೆಲ್ಲೂ ಡಿಟೆಕ್ಟರೂ ಮಾತಾಡೋ ಭಾಷೆ) ಒಂದು ಲೂಪಿಗೆ 126 ವಿಳಾಸ, ಅಂದ್ರೆ ಅಷ್ಟು ನಂಬರ್, ಹೊಚಿಕಿ ಕಂಪನಿದರಲ್ಲಿ 127, ಅವಕ್ಕೆ ನಿಮ್ದು ಒಂದು ಲೂಪಲ್ಲಿ ಕೂರೋದೇ ಇಲ್ಲ. 250ರ ಆಸುಪಾಸು ಹಿಡಿಯೋ ಲೂಪ್‌ಗಳೂ ಇವೆ, ಅದ್ರಲ್ಲಿ ಕೂರತ್ತೆ. ನೋಟಿಫೈಯರ್ ಬ್ರ್ಯಾಂಡ್ ಥರದ್ದು ಒಂದು ಲೂಪಿಗೆ 318 ಅಂತಾರೆ, ಅದು ನಿಜ, ಆದ್ರೆ 159 ಡಿಟೆಕ್ಟರ್ ಬೇರೆ, 159 ಮಾಡ್ಯೂಲ್ ಬೇರೆ, ಒಂದರ ಜಾಗದಲ್ಲಿ ಇನ್ನೊಂದು ಕೂರಲ್ಲ, ಕಾಲ್ ಪಾಯಿಂಟೂ ಮಾಡ್ಯೂಲ್ ಲೆಕ್ಕಕ್ಕೇ ಹೋಗತ್ತೆ. ಹಂಗಾಗಿ ನಿಮ್ಮ ಇಬ್ಬರು ವೆಂಡರ್ ಹೇಳಿದ್ದೂ ಅವರವರ ಪ್ಯಾನೆಲ್ಲಿಗೆ ಸರಿ ಇರ್ಬಹುದು. ಆದ್ರೂ ನನ್ನ ಮಾತು ಕೇಳಿದ್ರೆ ಎರಡು ಲೂಪ್ ತಗೊಳ್ಳಿ, ಕಾಲು ಭಾಗ ಖಾಲಿ ಬಿಡಿ. ಬಾಡಿಗೆದಾರರು ಬಂದು ಪಾರ್ಟಿಷನ್ ಹಾಕಿದ ಹಾಗೆ ಡಿಟೆಕ್ಟರ್ ಹೆಚ್ಚಾಗ್ತಾನೇ ಹೋಗತ್ತೆ.

ಇನ್ನು ಯಾವ ಕಂಪನಿ ಅಂದ್ರಲ್ಲ, ಅದಕ್ಕಿಂತ ಮುಂಚೆ ಕೇಳ್ಬೇಕಾದ ಪ್ರಶ್ನೆ ಒಂದಿದೆ, ನಾಳೆ ಈ ವೆಂಡರ್ ಫೋನ್ ಎತ್ತದೇ ಹೋದ್ರೆ ಈ ಪ್ಯಾನೆಲ್ಲನ್ನ ಬೇರೆ ಯಾರಾದ್ರೂ ಮುಟ್ಟೋಕಾಗತ್ತಾ? ಅಡ್ರೆಸೆಬಲ್ ಸಿಸ್ಟಮಲ್ಲಿ ಪ್ಯಾನೆಲ್ಲಿಗೂ ಡಿಟೆಕ್ಟರಿಗೂ ಒಂದು ಭಾಷೆ ಇರತ್ತೆ, ಪ್ರೋಟೋಕಾಲ್ ಅಂತೀವಿ. ಕೆಲವು ದೊಡ್ಡ ಕಂಪನಿಗಳದ್ದು ಅವರದ್ದೇ ಸ್ವಂತ, ಅವರ ಪ್ಯಾನೆಲ್ಲಿಗೆ ಅವರ ಡಿಟೆಕ್ಟರೇ ಆಗ್ಬೇಕು, ನೋಟಿಫೈಯರ್, ಸಿಂಪ್ಲೆಕ್ಸ್, ಸೀಮೆನ್ಸ್ ಎಲ್ಲಾ ಹಾಗೆ. ಓಪನ್ ಅನ್ನೋದ್ರಲ್ಲಿ ಅಪೋಲೊ ಅಥವಾ ಹೊಚಿಕಿ ಡಿಟೆಕ್ಟರ್ ಹಾಕಿದ್ರೆ ಪ್ಯಾನೆಲ್ ಅಡ್ವಾನ್ಸ್ಡ್‌ದೋ ಕೆಂಟೆಕ್‌ದೋ ಹಾಕ್ಬಹುದು, ಹತ್ತು ವರ್ಷ ಆದ್ಮೇಲೆ ಪ್ಯಾನೆಲ್ ಬದಲಾಯಿಸಿ ಡಿಟೆಕ್ಟರ್ ಉಳಿಸ್ಕೊಳ್ಳೋ ದಾರಿ ಇರತ್ತೆ. ಸ್ವಂತ ಪ್ರೋಟೋಕಾಲ್ ಇರೋದು ಕೆಟ್ಟದ್ದು ಅಂತ ಅಲ್ಲ, ಅವೂ ಬಹಳ ಗಟ್ಟಿ ಸಿಸ್ಟಮ್ಮೇ. ಆದ್ರೆ ಹುಬ್ಬಳ್ಳಿ ಧಾರವಾಡದಲ್ಲಿ ಆ ಬ್ರ್ಯಾಂಡಿನ ಸಾಫ್ಟ್‌ವೇರ್ ಗೊತ್ತಿರೋ ಎಷ್ಟು ಜನ ಇದ್ದಾರೆ ಅಂತ ವಿಚಾರಿಸಿ, ಒಬ್ಬರೇ ಆದ್ರೆ ಮುಂದೆ ಒಂದು ಡಿಟೆಕ್ಟರ್ ಸೇರಿಸೋಕೂ ಅವರು ಹೇಳಿದ್ದೇ ರೇಟು.

ಬ್ರ್ಯಾಂಡ್ ಯಾವುದೇ ಇರ್ಲಿ ಸರ್ಟಿಫಿಕೇಟ್ ನೋಡಿ, ಯುರೋಪಿನ ಇಎನ್ 54 ಅಥವಾ ಅಮೆರಿಕದ ಯುಎಲ್, ಪ್ಯಾನೆಲ್ಲಿಗೆ ಯುಎಲ್ 864, ಹೊಗೆ ಡಿಟೆಕ್ಟರಿಗೆ ಯುಎಲ್ 268. ಡಿಟೆಕ್ಟರಿಗೆ ಒಂದು, ಪ್ಯಾನೆಲ್ಲಿಗೆ ಇನ್ನೊಂದು ಅಂತ ಬೆರಕೆ ಬೇಡ. ಡಿಸೈನ್ ನಮ್ಮ ದೇಶದ ಫೈರ್ ಅಲಾರ್ಮ್ ಸ್ಟ್ಯಾಂಡರ್ಡ್ ಐಎಸ್ 2189 ಮತ್ತೆ ನ್ಯಾಷನಲ್ ಬಿಲ್ಡಿಂಗ್ ಕೋಡ್ (ಎನ್‌ಬಿಸಿ) 2016ರ ನಾಲ್ಕನೇ ಭಾಗದ ಪ್ರಕಾರ ಅಂತ ಆರ್ಡರಲ್ಲೇ ಬರೆಸಿ. ನಿಮ್ಮ ಬಿಲ್ಡಿಂಗಿಗೆ ಕಡ್ಡಾಯ ಏನು ಅನ್ನೋದು ಅಗ್ನಿಶಾಮಕ ಇಲಾಖೆ ಕೊಟ್ಟಿರೋ ಎನ್‌ಓಸಿ ಪತ್ರದಲ್ಲೇ ಸಾಲಾಗಿ ಇರತ್ತೆ, ಮೂರೂ ವೆಂಡರಿಗೆ ಅದರ ಕಾಪಿ ಕೊಡಿ, ಇಲ್ದಿದ್ರೆ ಮೂರು ಕೊಟೇಶನ್ ಮೂರು ಬೇರೆ ಬಿಲ್ಡಿಂಗಿಂದು ಇದ್ದಂಗಿರತ್ತೆ.

ಪ್ರಶ್ನೆ (ಫೆಸಿಲಿಟಿ ಸೂಪರ್‌ವೈಸರ್, ಬೆಂಗಳೂರು)

ಸರ್ ಇದಕ್ಕೇ ಸೇರಿಸಿ ಒಂದು ಕೇಳ್ತೀನಿ. ನಮ್ಮಲ್ಲಿ ಅಡ್ರೆಸೆಬಲ್ಲೇ ಇದೆ ಆದ್ರೂ ವಾರಕ್ಕೊಂದು ಸಲ ಸುಮ್ಸುಮ್ನೆ ಹೊಡ್ಕೊಳ್ಳತ್ತೆ, ಪ್ಯಾಂಟ್ರಿ ಹತ್ರದ್ದು, ಆಮೇಲೆ ಪೂಜೆ ಮಾಡೋ ರಿಸೆಪ್ಷನ್ ಹತ್ರದ್ದು. ಜನ ಈಗ ಅಲಾರ್ಮ್ ಆದ್ರೂ ಎದ್ದೇ ಏಳಲ್ಲ. ಸೆಕ್ಯೂರಿಟಿಯವ್ರು ಹೂಟರ್ ಸೈಲೆನ್ಸ್ ಮಾಡಿಟ್ಬಿಡ್ತಾರೆ. ಏನ್ ಮಾಡೋದು?

ಉತ್ತರ (ಎಂಜಿನಿಯರ್)

ಇದು ನಿಜವಾಗ್ಲೂ ಭಯ ಆಗೋ ವಿಷ್ಯ, ದಯವಿಟ್ಟು ಸೈಲೆನ್ಸ್ ಮಾಡಿಡೋದನ್ನ ಇವತ್ತೇ ನಿಲ್ಲಿಸಿ. 2010ರ ಫೆಬ್ರವರಿ 23ಕ್ಕೆ ನಮ್ಮ ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆ ಕಾರ್ಲ್‌ಟನ್ ಟವರ್ಸಲ್ಲಿ ಬೆಂಕಿ ಬಿದ್ದು ಒಂಬತ್ತು ಜನ ತೀರ್ಕೊಂಡ್ರು. ಎಲೆಕ್ಟ್ರಿಕಲ್ ಡಕ್ಟಲ್ಲಿ ಹುಟ್ಟಿದ ಹೊಗೆ ಮೇಲಿನ ಮಹಡಿಗಳನ್ನ ತುಂಬ್ಕೊಳ್ತು, ಉಸಿರು ಕಟ್ಟಿ ಕಿಟಕಿಯಿಂದ ಹಾರಿದವರೂ ಇದ್ರು. ಅಲಾರ್ಮ್ ಇರೋದೇ ಆ ಮೊದಲ ಎರಡು ಮೂರು ನಿಮಿಷ ಉಳಿಸೋಕೆ, ಜನ ಅದನ್ನ ನಂಬದೇ ಇದ್ರೆ ಹಾಕಿಸಿದ ಅಷ್ಟೂ ದುಡ್ಡು ನೀರಲ್ಲಿ ಹೋಮ. ಹುಬ್ಬಳ್ಳಿ ಸರ್ ನೀವೂ ನೋಟ್ ಮಾಡ್ಕೊಳ್ಳಿ, ನಿಮ್ಮ ಎಲೆಕ್ಟ್ರಿಕಲ್ ಶಾಫ್ಟಲ್ಲಿ ಪ್ರತಿ ಮಹಡಿಗೂ ಡಿಟೆಕ್ಟರ್ ಹಾಕ್ಸಿ, ಕೇಬಲ್ ತೂತೆಲ್ಲಾ ಫೈರ್ ಸೀಲಂಟಲ್ಲಿ ಮುಚ್ಚಿಸಿ.

ಸುಮ್ಸುಮ್ನೆ ಹೊಡ್ಕೊಳ್ಳೋದಕ್ಕೆ ಬಹಳ ಸಲ ಕಾರಣ ತಪ್ಪು ಜಾಗದಲ್ಲಿ ತಪ್ಪು ಡಿಟೆಕ್ಟರ್. ಅಡುಗೆಮನೆ ಪ್ಯಾಂಟ್ರಿಗೆ ಹೊಗೆ ಡಿಟೆಕ್ಟರ್ ಬೇಡ, ಹೀಟ್ ಡಿಟೆಕ್ಟರ್ ಹಾಕಿ. ಒಗ್ಗರಣೆ ಹೊಗೆ, ಸ್ಟೀಮು, ಬಾತ್‌ರೂಮ್ ಹಬೆ ಇದನ್ನೆಲ್ಲ ಹೊಗೆ ಡಿಟೆಕ್ಟರ್ ಬೆಂಕಿ ಅಂತ್ಲೇ ತಿಳ್ಕೊಳ್ಳತ್ತೆ. ರಿಸೆಪ್ಷನ್ ಥರದ ಕಡೆ ಮಲ್ಟಿ ಸೆನ್ಸರ್ ಹಾಕಿ, ಅದು ಹೊಗೆ ಮತ್ತೆ ಶಾಖ ಎರಡನ್ನೂ ನೋಡಿ ನಿರ್ಧಾರ ಮಾಡತ್ತೆ. ಪೂಜೆ ಹೊತ್ತಿಗೆ ಆ ಒಂದು ಡಿಟೆಕ್ಟರಿನ ಸೆನ್ಸಿಟಿವಿಟಿ ಕಮ್ಮಿ ಆಗೋ ಹಾಗೆ ಟೈಮ್ ಸೆಟ್ ಮಾಡೋ ಸೌಲಭ್ಯ ಎಷ್ಟೋ ಅಡ್ರೆಸೆಬಲ್ ಪ್ಯಾನೆಲ್ಲಲ್ಲಿ ಇದೆ, ಕಮಿಷನಿಂಗಿಗೆ, ಅಂದ್ರೆ ಸಿಸ್ಟಮ್ ಸೆಟ್ ಮಾಡಿ ಚಾಲೂ ಮಾಡೋಕೆ ಬಂದವ್ರು, ಮಾಡಿ ಕೊಡದೇ ಹೋಗಿರ್ತಾರೆ. ಇನ್ನೊಂದು ಧೂಳು. ಪ್ಯಾನೆಲ್ಲಿನ ಮೆನುವಲ್ಲಿ ಪ್ರತಿ ಡಿಟೆಕ್ಟರಿನ ಈಗಿನ ರೀಡಿಂಗ್ ಸಿಗತ್ತೆ, ಯಾವುದು ಮಿಕ್ಕಿದ್ದಕ್ಕಿಂತ ಮೇಲೆ ಕೂತಿದೆ ಅಂತ ನೋಡಿ, ಅದನ್ನ ಬಿಚ್ಚಿ ಕ್ಲೀನ್ ಮಾಡ್ಸಿ ಅಥವಾ ಬದಲಾಯ್ಸಿ. ಹುಬ್ಬಳ್ಳಿ ಸರ್, ನಿಮ್ಮಲ್ಲಿ ಪೇಂಟಿಂಗು ಪಿಒಪಿ ಕೆಲಸ ಮುಗಿಯೋವರೆಗೂ ಡಿಟೆಕ್ಟರ್ ಹೆಡ್ ಹಾಕ್ಸಲೇಬೇಡಿ, ಬೇಸ್ ಮಾತ್ರ ಸಾಕು.

ಪ್ರಶ್ನೆ (ಎಲೆಕ್ಟ್ರಿಷಿಯನ್, ದಾವಣಗೆರೆ)

ಅಣ್ಣಾ ಸೈಟಲ್ಲಿ ಕೇಬಲ್ ಉಳಿಸೋಕೆ ಟೀ ಹೊಡೀತಾರೆ, ಲೂಪಿಂದ ಒಂದು ಎಳೆ ತೆಗ್ದು ಆ ಕಡೆ ರೂಮಿನ ಏಳೆಂಟು ಡಿಟೆಕ್ಟರಿಗೆ ಕೊಡೋದು. ಪ್ಯಾನೆಲ್ಲಲ್ಲಿ ಎಲ್ಲಾ ತೋರ್ಸತ್ತೆ. ತಪ್ಪಾ?

ಉತ್ತರ (ಎಂಜಿನಿಯರ್)

ತೋರ್ಸತ್ತೆ, ಅದೇ ತೊಂದ್ರೆ. ಎಲ್ಲಾ ಸರಿ ಇರೋವಾಗ ವ್ಯತ್ಯಾಸವೇ ಗೊತ್ತಾಗಲ್ಲ. ಆ ಟೀ ಎಳೆ ಕಟ್ ಆದ್ರೆ ಏಳೆಂಟೂ ಒಟ್ಟಿಗೆ ಹೋಗ್ತವೆ, ವಾಪಸ್ ದಾರಿ ಇಲ್ಲ, ಹಾಗಾದ್ರೆ ಲೂಪ್ ಯಾಕೆ ಎಳೆದ್ವಿ? ಹೋಗೋ ಕೇಬಲ್ಲು ಬರೋ ಕೇಬಲ್ಲು ಒಂದೇ ಪೈಪಲ್ಲಿ ಹಾಕೋದೂ ಅಷ್ಟೇ ತಪ್ಪು, ಅಲ್ಲಿ ಬೆಂಕಿ ಬಿದ್ರೆ ಎರಡೂ ಒಟ್ಟಿಗೆ ಸುಡತ್ತೆ, ಬೇರೆ ಬೇರೆ ರೈಸರಲ್ಲಿ (ಮಹಡಿಯಿಂದ ಮಹಡಿಗೆ ಕೇಬಲ್ ಹತ್ತೋ ದಾರಿ) ತಗೊಂಡು ಹೋಗಿ. ಸಾಮಾನ್ಯವಾಗಿ 1.5 ಸ್ಕ್ವೇರ್ ಎಂಎಂ ತಾಮ್ರದ ಎರಡು ಕೋರ್ ಆರ್ಮರ್ಡ್ ಹಾಕ್ತೀವಿ, ಪವರ್ ಕೇಬಲ್ ಟ್ರೇಯಿಂದ ದೂರ. ಹೊರಗಿನ ಗೋಡೇಲಿ ಜಾಯಿಂಟ್ ಮಾಡ್ಬೇಡಿ ತಮ್ಮಾ, ಮಳೆಗಾಲದಲ್ಲಿ ಅರ್ಥ್ ಫಾಲ್ಟ್ ಹುಡುಕೋದು ಬಹಳ ಕಷ್ಟದ ಕೆಲಸ.

ಪ್ರಶ್ನೆ (ಮಾಲೀಕರು, ಹುಬ್ಬಳ್ಳಿ)

ಭಾಳ ಉಪಕಾರ ಆತ್ರಿ ಸರ್. ಮತ್ತೊಂದೆರಡು. ಬಾಡಿಗಿಗೆ ಬರೋ ಬ್ಯಾಂಕಿನವ್ರು ನಮ್ದ ಸ್ವಂತ ಪ್ಯಾನೆಲ್ ಹಾಕ್ತೀವಿ ಅಂತಾರ, ಬಿಡಬೇಕೋ ಬ್ಯಾಡೋ? ಆಮ್ಯಾಲ ಕೆಲಸ ಮುಗಿದ ಮ್ಯಾಲ ವೆಂಡರ್ ಹತ್ರ ಏನೇನು ಕೇಳಿ ಇಸ್ಕೋಬೇಕು, ಏನು ಟೆಸ್ಟ್ ಮಾಡಿ ನೋಡ್ಬೇಕು, ಅದನ್ನೂ ಹೇಳ್ರಿ. ಬ್ಯಾಟ್ರಿ ಒಬ್ಬಾಂವ 7 ಎಎಚ್ ಬರದಾನ, ಒಬ್ಬಾಂವ 18.

ಉತ್ತರ (ಎಂಜಿನಿಯರ್)

ಬ್ಯಾಂಕಿನವ್ರು ಹಾಕ್ಕೊಳ್ಳಲಿ ಸರ್, ಆದ್ರೆ ಅವರ ಪ್ಯಾನೆಲ್ಲಿನ ಫೈರ್ ರಿಲೇ ಮತ್ತೆ ಫಾಲ್ಟ್ ರಿಲೇ (ಬೆಂಕಿ, ದೋಷದ ಸಿಗ್ನಲ್ ಹೊರಗೆ ಕೊಡೋ ಸ್ವಿಚ್ಚುಗಳು) ಎರಡನ್ನೂ ನಿಮ್ಮ ಲೂಪಿನ ಮಾನಿಟರ್ ಮಾಡ್ಯೂಲಿಗೆ ಕೊಡ್ಬೇಕು, ನಿಮ್ಮ ಸೌಂಡರ್ ಅವರ ಒಳಗೂ ಕೇಳಿಸ್ಬೇಕು, ಇದನ್ನ ಬಾಡಿಗೆ ಅಗ್ರಿಮೆಂಟಲ್ಲೇ ಬರೆಸಿ. ಅದ್ರ ಜೊತೆಗೆ ಎಲ್ಲಾ ಬಾಡಿಗೆದಾರರಿಗೂ ಒಂದು ಷರತ್ತು ಹಾಕಿ, ಇಂಟೀರಿಯರ್ ಡ್ರಾಯಿಂಗ್ ತೋರಿಸದೇ ಸೀಲಿಂಗ್ ಮುಟ್ಟೋ ಹಾಗಿಲ್ಲ ಅಂತ. ನಾನು ಸೈಟುಗಳಲ್ಲಿ ಪದೇಪದೇ ನೋಡೋದು ಇದು, ಡಿಟೆಕ್ಟರ್ ಸ್ಲ್ಯಾಬಿಗೆ ಇರತ್ತೆ, ಆಮೇಲೆ ಬಂದವ್ರು ಅದರ ಕೆಳಗೆ ಚಂದದ ಜಿಪ್ಸಮ್ ಸೀಲಿಂಗ್ ಹಾಕ್ತಾರೆ, ರೂಮಲ್ಲಿ ಕೂತವರಿಗೆ ಡಿಟೆಕ್ಟರ್ರೇ ಇಲ್ಲ, ಪ್ಯಾನೆಲ್ ಮಾತ್ರ ನಾರ್ಮಲ್ ಅಂತಿರತ್ತೆ. ಸೀಲಿಂಗ್ ಮೇಲಿನ ಖಾಲಿ ಜಾಗ 800 ಮಿಲಿಮೀಟರ್ ದಾಟಿದ್ರೆ ಮೇಲೂ ಬೇಕು ಕೆಳಗೂ ಬೇಕು, ಮೇಲಿಂದಕ್ಕೆ ಕೆಳಗೊಂದು ಇಂಡಿಕೇಟರ್ ಲೈಟ್.

ಬ್ಯಾಟ್ರಿ ಲೆಕ್ಕ ನೀವೇ ಮಾಡ್ಬಹುದು. ಪ್ಯಾನೆಲ್ ಸುಮ್ನಿದ್ದಾಗ 0.4 ಆಂಪಿಯರ್ ತಗೊಳ್ಳತ್ತೆ ಅಂದ್ಕೊಳ್ಳಿ, 24 ಗಂಟೆಗೆ 9.6 ಆಂಪಿಯರ್ ಅವರ್, ಅದೇ ಎಎಚ್. ಅಲಾರ್ಮಲ್ಲಿ 1.8 ಆಂಪಿಯರ್, ಅರ್ಧ ಗಂಟೆಗೆ 0.9. ಕೂಡಿದ್ರೆ 10.5, ಬ್ಯಾಟ್ರಿ ಹಳೇದಾಗತ್ತೆ ಅಂತ ಕಾಲು ಭಾಗ ಸೇರಿಸಿದ್ರೆ 13ರ ಮೇಲೆ, ಮಾರ್ಕೆಟ್ಟಲ್ಲಿ ಅದರ ಮೇಲಿನ ಸೈಜು 17 ಅಥವಾ 18. 7 ಎಎಚ್ ಬರೆದವ್ರಿಗೆ ಈ ಲೆಕ್ಕ ಕಾಗದದ ಮೇಲೆ ಕೇಳಿ, ಕೊಡದಿದ್ರೆ ಅವರು ಲೆಕ್ಕ ಹಾಕೇ ಇಲ್ಲ ಅಂತ ಅರ್ಥ. 12 ವೋಲ್ಟಿನ ಎರಡು ಬ್ಯಾಟ್ರಿ ಸೀರೀಸಲ್ಲಿ ಬರ್ಬೇಕು, ಸಿಸ್ಟಮ್ 24 ವೋಲ್ಟ್.

ಟೆಸ್ಟಿಗೆ ನೀವೇ ನಿಂತ್ಕೊಳ್ಳಿ. ಎಲ್ಲೋ ಒಂದು ಕಡೆ ಲೂಪ್ ಬಿಚ್ಚಿಸಿ, ಪ್ಯಾನೆಲ್ ಫಾಲ್ಟ್ ಹೇಳ್ಬೇಕು ಆದ್ರೆ ಎಲ್ಲಾ ಡಿಟೆಕ್ಟರೂ ಬದುಕಿರ್ಬೇಕು. ಒಂದು ಮಹಡಿಯಲ್ಲಿ ಶಾರ್ಟ್ ಮಾಡ್ಸಿ, ಬೇರೆ ಮಹಡಿಗಳು ಕೆಲಸ ಮಾಡ್ತಿರ್ಬೇಕು, ಐಸೊಲೇಟರ್ ನಿಜವಾಗ್ಲೂ ಹಾಕಿದ್ದಾರಾ ಅನ್ನೋದು ಇಲ್ಲೇ ಬಯಲಾಗತ್ತೆ. ಒಂದು ಡಿಟೆಕ್ಟರ್ ತಿರುಗಿಸಿ ಕಿತ್ತು ನೋಡಿ, ಇಎನ್ 54 ಪ್ಯಾನೆಲ್ ಆದ್ರೆ 100 ಸೆಕೆಂಡ್ ಒಳಗೆ ಅದರ ಹೆಸರು ಹೇಳ್ಬೇಕು. ಹೊಗೆ ಸ್ಪ್ರೇ ಹೊಡೆದು ಬರೀ ಹೂಟರ್ ಕೇಳಿ ಬರ್ಬೇಡಿ, ಲಿಫ್ಟ್ ನೆಲಮಹಡಿಗೆ ಬಂದು ಬಾಗಿಲು ತೆಗೀತಾ, ಎಸಿ ನಿಂತ್ಕೊಳ್ತಾ, ಕಾರ್ಡ್ ಹಾಕೋ ಬಾಗಿಲುಗಳು ತಾವೇ ಬಿಟ್ಕೊಂಡ್ವಾ ಅಂತ ಒಂದೊಂದೇ ನೋಡಿ. ಸೌಂಡರ್ ಎಲ್ಲಾ ಕಡೆ 65 ಡೆಸಿಬೆಲ್ ಇರ್ಬೇಕು, ಗದ್ದಲ ಇರೋ ಕಡೆ ಅಲ್ಲಿನ ಸದ್ದಿಗಿಂತ 5 ಜಾಸ್ತಿ, ಬಾಗಿಲು ಹಾಕಿದ ಕ್ಲಿನಿಕ್ ಒಳಗೆ ನಿಂತು ಕೇಳಿಸ್ಕೊಳ್ಳಿ. ಆಮೇಲೆ ಕರೆಂಟ್ ತೆಗೆಸಿ ಬ್ಯಾಟ್ರಿ ಮೇಲೆ ಇನ್ನೊಂದ್ಸಲ.

ಇಸ್ಕೋಬೇಕಾದ್ದು, ಲೂಪ್ ಹೇಗೆ ಓಡಿದೆ ಅನ್ನೋ ಡ್ರಾಯಿಂಗು, ಯಾವ ನಂಬರ್ ಎಲ್ಲಿದೆ ಅನ್ನೋ ಪಟ್ಟಿ, ಯಾವುದು ಬಡಿದ್ರೆ ಏನಾಗ್ಬೇಕು ಅನ್ನೋ ಕಾಸ್ ಅಂಡ್ ಎಫೆಕ್ಟ್ ಚಾರ್ಟು, ಪ್ಯಾನೆಲ್ಲಿನ ಪ್ರೋಗ್ರಾಮ್ ಫೈಲ್ ಪೆನ್‌ಡ್ರೈವಲ್ಲಿ, ಮತ್ತೆ ಎಂಜಿನಿಯರ್ ಲೆವೆಲ್ ಪಾಸ್‌ವರ್ಡ್. ಕೊನೇ ಎರಡು ಕೊಡೋಕೆ ಬಹಳ ಜನ ಹಿಂದೆ ಮುಂದೆ ನೋಡ್ತಾರೆ. ಇದನ್ನ ಆರ್ಡರಲ್ಲೇ ಬರೆಸಿ, ಕೊನೇ ಹತ್ತು ಪರ್ಸೆಂಟ್ ದುಡ್ಡು ಇವು ಕೈಗೆ ಬಂದು, ಫೈಲು ಓಪನ್ ಆಗತ್ತೆ ಅಂತ ಲ್ಯಾಪ್‌ಟಾಪಲ್ಲಿ ತೋರಿಸಿದ ಮೇಲೇ ಅಂತ ಹಾಕಿ. ಪಾಸ್‌ವರ್ಡ್ ಲಕೋಟೆಯಲ್ಲಿ ನಿಮ್ಮ ಹತ್ರ ಇರ್ಲಿ, ವಾಚ್‌ಮನ್ ಹತ್ರ ಬೇಡ.

ಮಾಲೀಕರು, ಹುಬ್ಬಳ್ಳಿ

ಈಗ ಇಬ್ಬರಿಗೂ ಫೋನ್ ಮಾಡಿದ್ನಿರಿ. ಎರಡು ಲೂಪ್ ಅಂದಾಂವ ಫೈಲು ಪಾಸ್‌ವರ್ಡ್ ಎರಡೂ ಬರದು ಕೊಡ್ತೀನಿ ಅಂದ. ಇನ್ನೊಬ್ಬಾಂವ ಕಂಪನಿ ಪಾಲಿಸಿ ಇಲ್ಲ ಅಂದ. ಬೇಸ್‌ಮೆಂಟಿಗೆ ಹೀಟ್ ಡಿಟೆಕ್ಟರ್ ಬರದಾರ, ಅದು ಸರಿ ಐತೇನ್ರಿ?

ಉತ್ತರ (ಎಂಜಿನಿಯರ್)

ಗಾಡಿ ಹೊಗೆ ಇರೋ ಕಡೆ ಹೀಟ್ ಸರಿ. ಆದ್ರೆ ಎಣಿಕೆ ನೋಡಿ, ಹೊಗೆ ಡಿಟೆಕ್ಟರ್ ಲೆಕ್ಕದಲ್ಲೇ ಹೀಟ್ ಹಾಕಿದ್ರೆ ಸಾಲಲ್ಲ. ಹೊಗೇದಕ್ಕೆ ಸುತ್ತ 7.5 ಮೀಟರ್ ಹಿಡಿದ್ರೆ ಹೀಟಿಗೆ 5.3 ಅಷ್ಟೇ, ಅಂದ್ರೆ ಅದೇ ಜಾಗಕ್ಕೆ ಹತ್ರ ಹತ್ರ ಎರಡರಷ್ಟು ಬೇಕಾಗತ್ತೆ. ಬೇಸ್‌ಮೆಂಟಲ್ಲಿ ಪ್ಯಾನೆಲ್ ರೂಮು, ಡ್ರೈವರ್ ರೂಮು ಇದ್ರೆ ಅಲ್ಲಿಗೆ ಹೊಗೇದೇ ಹಾಕ್ಸಿ. ಆ ಮಹಡಿ ಡ್ರಾಯಿಂಗ್ ಇಲ್ಲೇ ಹಾಕಿ, ತೊಲೆಗಳು ಎಷ್ಟು ಕೆಳಗಿಳಿದಿವೆ ಅಂತ್ಲೂ ಬರೀರಿ, ಜಾಗ ಗುರುತು ಮಾಡಿ ಕೊಡ್ತೀನಿ.