ಪಿಯುಸಿ ಮಗಳಿಗೆ ಯಾವ ಯಾವ ಎಂಟ್ರೆನ್ಸ್ ಬರೆಸಬೇಕು?

ಹಾಸನದ ಒಬ್ಬ ತಂದೆ ಕೇಳಿದ್ದು:
ಮಗಳು ಸೆಕೆಂಡ್ ಪಿಯುಸಿ, ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ). ಇಂಜಿನಿಯರಿಂಗ್ ಕಡೆ ಒಲವು ಜಾಸ್ತಿ, ಬಿಎಸ್ಸಿ ಅಗ್ರಿ ಆದರೂ ಸರಿ ಅನ್ನುತ್ತಾಳೆ. ಮೆಡಿಕಲ್ ಬೇಡವಂತೆ. ನೆಂಟರೆಲ್ಲ ಸಿಇಟಿ (ರಾಜ್ಯ ಸರ್ಕಾರದ್ದು), ಕಾಮೆಡ್‌ಕೆ (ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳದ್ದು), ಜೆಇಇ (ಎನ್‌ಐಟಿಯಂಥ ಕೇಂದ್ರದ ಇಂಜಿನಿಯರಿಂಗ್ ಕಾಲೇಜುಗಳಿಗೆ), ನೀಟ್ (ಮೆಡಿಕಲ್‌ಗೆ), ಡೀಮ್ಡ್ ಯೂನಿವರ್ಸಿಟಿಗಳ ಸ್ವಂತ ಪರೀಕ್ಷೆ, ಎಲ್ಲಕ್ಕೂ ಅರ್ಜಿ ಹಾಕಿಬಿಡಿ ಅನ್ನುತ್ತಿದ್ದಾರೆ. ಅನುಭವ ಇರುವವರು ಹೇಳಿ.

ದಾವಣಗೆರೆಯ ತಾಯಿ:
ಸಿಇಟಿ ಬಿಡುವ ಮಾತೇ ಇಲ್ಲ. ಇಂಜಿನಿಯರಿಂಗ್, ಅಗ್ರಿ, ಫಾರ್ಮಸಿ ಎಲ್ಲಕ್ಕೂ ಅದೇ ಬೇಕು. ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ನೆಗೆಟಿವ್ ಮಾರ್ಕ್ಸ್ ಇಲ್ಲ. ಅಗ್ರಿ ಆಸೆ ಇದ್ದರೆ ಬಯಾಲಜಿ ಪೇಪರ್ ತಪ್ಪಿಸಬೇಡಿ. ಇಂಜಿನಿಯರಿಂಗ್ ರ‍್ಯಾಂಕ್‌ಗೆ ಪಿಯುಸಿಯ ಪಿಸಿಎಂ ಅಂಕ ಅರ್ಧ, ಸಿಇಟಿ ಅರ್ಧ. "ಬೋರ್ಡ್ ಪರೀಕ್ಷೆ ಪಾಸಾದ್ರೆ ಸಾಕು" ಅನ್ನುವ ಕೋಚಿಂಗ್‌ನವರ ಮಾತು ನಂಬಬೇಡಿ.

ಕಾಮೆಡ್‌ಕೆ ರ‍್ಯಾಂಕ್‌ಗೆ ಪಿಯುಸಿ ಅಂಕ ಸೇರುವುದಿಲ್ಲ, ಅಲ್ಲಿ ಬರೆದದ್ದಷ್ಟೇ ಲೆಕ್ಕ. ಆದರೆ ಫೀಸು ನೋಡಿಕೊಳ್ಳಿ. ಒಂದೇ ಕಾಲೇಜು, ಒಂದೇ ಬೆಂಚು, ಸಿಇಟಿಯ ಸರ್ಕಾರಿ ಸೀಟಿಗೆ ಒಂದು ರೇಟು, ಕಾಮೆಡ್‌ಕೆ ಸೀಟಿಗೆ ಅದಕ್ಕಿಂತ ಎಷ್ಟೋ ಜಾಸ್ತಿ. ನಾವು ಮಗನನ್ನು ಕೂರಿಸಿಕೊಂಡು ಪ್ರತಿ ಪರೀಕ್ಷೆಗೂ ಇಷ್ಟೇ ಕೇಳಿದೆವು: ಇದರಲ್ಲಿ ಸೀಟು ಸಿಕ್ಕರೆ ನೀನು ಹೋಗ್ತೀಯಾ? ನಮ್ಮ ಕೈಲಿ ನಾಲ್ಕು ವರ್ಷ ಕಟ್ಟೋಕೆ ಆಗುತ್ತಾ? ಡೀಮ್ಡ್ ಪರೀಕ್ಷೆಗಳೆಲ್ಲ ಅಲ್ಲೇ ಉದುರಿ ಹೋದವು. ಅರ್ಜಿ ಫೀಸೂ ಉಳಿಯಿತು.

ಸುರತ್ಕಲ್ ಎನ್‌ಐಟಿ ವಿದ್ಯಾರ್ಥಿ:
ಮ್ಯಾಥ್ಸ್ ಇಷ್ಟ ಇದ್ದರೆ ಜೆಇಇ ಮೇನ್ ಬರೆಸಿ. ಅದರಿಂದಲೇ ಸೀಟು ಕೊಡುವ ನಮ್ಮ ಎನ್‌ಐಟಿಯಲ್ಲಿ ಅರ್ಧ ಸೀಟು ರಾಜ್ಯದವರಿಗೇ. ಹನ್ನೆರಡನೇ ತರಗತಿ ಎಲ್ಲಿ ಪಾಸಾದಿರಿ ಅನ್ನುವುದರ ಮೇಲೆ ಅದು ನಿರ್ಧಾರ. ಜನವರಿ, ಏಪ್ರಿಲ್ ಎರಡೂ ಸಲ ಬರೆಯಬಹುದು, ಚೆನ್ನಾಗಿ ಬಂದಿದ್ದೇ ಲೆಕ್ಕಕ್ಕೆ. ಜನವರಿ ಸ್ಕೋರ್ ನೋಡಿ ಏಪ್ರಿಲ್‌ಗೆ ಎಷ್ಟು ಕಷ್ಟಪಡಬೇಕು ಅಂತ ತೀರ್ಮಾನಿಸಿ. ಪೇಪರ್ ಕನ್ನಡದಲ್ಲೂ ಸಿಗುತ್ತೆ.

ಒಂದು ಎಚ್ಚರಿಕೆ. ಸಿಇಟಿಯಲ್ಲಿ ಕೊನೇ ಎರಡು ನಿಮಿಷದಲ್ಲಿ ಓಎಂಆರ್ ಶೀಟಿನ ಉಳಿದ ಗುಂಡಿಗಳನ್ನೆಲ್ಲ ತುಂಬಿಬಿಡುತ್ತೇವಲ್ಲ, ಆ ಚಾಳಿ ಜೆಇಇಯಲ್ಲಿ ನಡೆಯಲ್ಲ. ಸರಿಗೆ 4, ತಪ್ಪಿಗೆ ಮೈನಸ್ 1.

ಶಿರಸಿಯ ಪಿಯು ಉಪನ್ಯಾಸಕ:
ಮೇಲಿನವರು ಕಾಗದ ಪತ್ರದ ಸುದ್ದಿಯನ್ನೇ ಎತ್ತಲಿಲ್ಲ. ನಮ್ಮ ಕಾಲೇಜಲ್ಲಿ ಪ್ರತಿ ವರ್ಷ ಮಕ್ಕಳು ಒದ್ದಾಡುವುದು ಇದಕ್ಕೇ. ಹಳ್ಳಿ ಶಾಲೆಯಲ್ಲಿ ಒಂದರಿಂದ ಹತ್ತರವರೆಗೆ ಓದಿದ್ದರೆ ಗ್ರಾಮೀಣ ಮೀಸಲು, ಕನ್ನಡ ಮೀಡಿಯಂನಲ್ಲಿ ಓದಿದ್ದರೆ ಅದಕ್ಕೆ ಬೇರೆ. ಶಾಲೆಯ ಮುಖ್ಯೋಪಾಧ್ಯಾಯರು ವ್ಯಾಸಂಗ ಪ್ರಮಾಣಪತ್ರ ಬರೆದುಕೊಟ್ಟು, ಅದಕ್ಕೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೀಳಬೇಕು. ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ (ಆರ್‌ಡಿಯಿಂದ ಶುರುವಾಗುವ ಸಂಖ್ಯೆ) ಕೈಲಿರಲಿ. ನಿಮ್ಮದು ಕೃಷಿ ಕುಟುಂಬವಾದರೆ ಅಗ್ರಿಗೆ ಕೃಷಿಕರ ಕೋಟಾ ಇದೆ. ಅದಕ್ಕೆ ಸಿಇಟಿ ಜೊತೆ ಪ್ರಾಯೋಗಿಕ ಪರೀಕ್ಷೆಯೂ ಉಂಟು. ಬೀಜ, ಕಳೆ, ಗೊಬ್ಬರ ಗುರುತು ಹಿಡಿಯಬೇಕು. ನೆಂಟರು ಹೇಳಿದ ಅರ್ಧ ಡಜನ್ ಪರೀಕ್ಷೆಗಿಂತ ಇದಕ್ಕೆ ತಯಾರಿ ಮಾಡಿಸಿ.

ಮೈಸೂರಿನ ಅಕ್ಕ:
ಮೆಡಿಕಲ್ ಬೇಡ ಅಂದ ಹುಡುಗಿಗೆ ನೀಟ್ ಯಾಕ್ರೀ? 180 ಪ್ರಶ್ನೆಯಲ್ಲಿ 90 ಬಯಾಲಜಿ. ಅದಕ್ಕೆ ಓದುತ್ತಾ ಕೂತರೆ ಮ್ಯಾಥ್ಸ್ ಪುಸ್ತಕ ತೆರೆಯುವುದು ಯಾವಾಗ?

ಹಾಸನದ ತಂದೆ:
ಎಲ್ಲರಿಗೂ ಥ್ಯಾಂಕ್ಸ್. ಸಿಇಟಿ, ಜೆಇಇ ಮೇನ್ ಖಚಿತ. ಕಾಮೆಡ್‌ಕೆ ಫೀಸು ನೋಡಿ ಹೇಳುತ್ತೇನೆ. ನೀಟ್ ಕೈಬಿಟ್ಟೆವು. ನಾಳೆ ಬಿಇಓ ಆಫೀಸಿಗೆ ಹೊರಟಿದ್ದೇನೆ.