ಕುಟುಂಬದ ಕಾರಿಗೆ ಅಂಕ ಕೊಡುವುದು ಖಾಲಿ ಇದ್ದಾಗಲೋ, ತುಂಬಿದಾಗಲೋ?

ಮಧೂರು ಮಾಷ್ಟ್ರು (ತೀರ್ಪುಗಾರರು)
ಕಂಪ್ಯೂಟರ್ ಗೇಮಿನಲ್ಲಿ ಕಾರು ಮಾಡುವ ನಮ್ಮ ಕಲ್ಪನೆಯ ಕಾರು ಸ್ಪರ್ಧೆಯ ಈ ಸಲದ ಫಲಿತಾಂಶ ಇದು. ಹೊಸಬರಿಗಾಗಿ ಷರತ್ತು ಇನ್ನೊಮ್ಮೆ ಹೇಳುತ್ತೇನೆ. ಗಿರಾಕಿ ಕಾಸರಗೋಡಿನ ಪೆರ್ಲದ ಒಳಗಿನ ಒಂದು ಕಲ್ಪನೆಯ ಮನೆ. ಅಜ್ಜ, ಮೊಣಕಾಲು ನೋವಿನ ಅಜ್ಜಿ, ಮಗ, ಸೊಸೆ, ಎಂಟು ವರ್ಷದ ಮಗಳು, ಮೂರು ವರ್ಷದ ಮಗ. ಡಾಮರು ರಸ್ತೆಯಿಂದ ಅಂಗಳಕ್ಕೆ ಕಡಿದಾದ ಚಡಾವು, ಐದು ಅಡಿ ಮುಂದೆ ಹೋದರೆ ಒಂದು ಅಡಿ ಏರು. ಚಕ್ರ ಹೋಗುವಲ್ಲಿ ಎರಡು ಪಟ್ಟಿ ಕಾಂಕ್ರೀಟು, ನಡುವೆ ಹುಲ್ಲು ಮತ್ತು ಮುರಕಲ್ಲು. ತಿಂಗಳಿಗೊಮ್ಮೆ ಮಂಗಳೂರಿನ ಆಸ್ಪತ್ರೆಗೆ, ರಜೆಯಲ್ಲಿ ಮಡಿಕೇರಿ ಕಡೆಯ ನೆಂಟರ ಮನೆಗೆ. ಬೆಲೆ ಜಿಎಸ್‌ಟಿ ಸೇರಿ 9 ಲಕ್ಷದ ಒಳಗೆ.

ಕಾರು ಕಲ್ಪನೆಯದ್ದು, ತೆರಿಗೆ ನಿಜದ್ದು. 2025ರ ಸೆಪ್ಟೆಂಬರ್ 22ರಿಂದ ಬಂದ ಲೆಕ್ಕ: ಉದ್ದ 4000 ಮಿ.ಮೀ. ಒಳಗೆ, ಪೆಟ್ರೋಲ್ ಇಂಜಿನ್ 1200 ಸಿಸಿ ಒಳಗೆ ಇದ್ದರೆ ನೂರಕ್ಕೆ 18. ಮೀರಿದರೆ 40. 'ಪಯಸ್ವಿನಿ' ಅನ್ನುವ ಕಾರು ಸ್ಪರ್ಧೆಯಿಂದ ಹೊರಗೆ ಹೋದದ್ದು ಇದರಿಂದಲೇ. ಫ್ಯಾಕ್ಟರಿ ಬೆಲೆ 7 ಲಕ್ಷ ಇಟ್ಟಿದ್ದರು. 18ರಲ್ಲಿ 8.26 ಲಕ್ಷಕ್ಕೆ ನಿಲ್ಲುತ್ತಿತ್ತು. ಉದ್ದ 4380 ಇರುವ ಕಾರಣ 9.80 ಲಕ್ಷ ಆಯಿತು. ಒಳ್ಳೆಯ ಕಾರು, ಬೇಸರ ಆಯಿತು.

ಮೊದಲ ಸ್ಥಾನ 'ಪೊಸಡಿ'. ಏಳು ಸೀಟು, ಮುಂದಿನ ಚಕ್ರ ಎಳೆಯುವ ಗಾಡಿ, ನೆಲದಿಂದ ಎತ್ತರ 190 ಮಿ.ಮೀ. ಎರಡನೆಯದು 'ಶಿರಿಯ'. ಆರು ಸೀಟು, ಹಿಂದಿನ ಚಕ್ರ ಎಳೆಯುತ್ತದೆ, ಎರಡೂ ಕಡೆ ಜಾರುವ ಬಾಗಿಲು, ಎತ್ತರ 165. ನಡುವಿನ ವ್ಯತ್ಯಾಸ 4 ಅಂಕ ಮಾತ್ರ.

ಕುಂಬಳೆ ಕಡಲು
ಮಾಷ್ಟ್ರೆ, ಶಿರಿಯ ಮಾಡಿದವನು ನಾನೇ. ಎರಡನೇ ಸ್ಥಾನಕ್ಕೆ ಖುಷಿ ಉಂಟು. ಆದರೆ ಒಂದು ಮಾತು ಕೇಳಲೇಬೇಕು. ಅಂದಕ್ಕೆ ನೂರರಲ್ಲಿ 25 ಇಟ್ಟಿದ್ದೀರಿ. ಪೊಸಡಿಗೆ 23, ನನಗೆ 14. ಅಲ್ಲಿಯೇ 9 ಹೋಯಿತು. ಉಳಿದ ಎಲ್ಲ ಸೇರಿಸಿದರೆ ಶಿರಿಯವೇ 5 ಅಂಕ ಮುಂದೆ. ಆ ಮನೆಯ ಅಜ್ಜಿಗೆ ಬಾನೆಟ್ ಮೇಲಿನ ಗೆರೆ ಏನು ಮಾಡುತ್ತದೆ?

ನೀರ್ಚಾಲು ಹುಡುಗ
ಪೊಸಡಿ ನನ್ನದು. ಕಡಲಣ್ಣ, ಅಂದ ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಒಂದು ಮನೆಯವರು ಹತ್ತು ವರ್ಷಕ್ಕೊಮ್ಮೆ ಕಾರು ತೆಗೆಯುತ್ತಾರೆ. ಅಷ್ಟು ದುಡ್ಡು ಹಾಕಿದ ಮೇಲೆ ಮದುವೆ ಮನೆಯ ಅಂಗಳದಲ್ಲಿ ನಿಲ್ಲಿಸುವಾಗ ಸಂತೋಷ ಆಗಬೇಕು. ಅದು ಸುಳ್ಳು ಆಸೆ ಅಲ್ಲ. ಮತ್ತೆ ನಾನು ಬರೀ ಮುಖ ಮಾಡಿ ಕೂತಿಲ್ಲ. ಮುಂದಿನ ಚೌಕಟ್ಟಿಗೆ ಗಟ್ಟಿ ಉಕ್ಕು ಹಾಕಿ, ಅದಕ್ಕಾಗಿ ಸೀಟಿನ ಬಟ್ಟೆಯಲ್ಲಿ ದುಡ್ಡು ಉಳಿಸಿದ್ದೇನೆ. ಈಗ 66ನೇ ಹೆದ್ದಾರಿಯ ಆರು ಲೇನಿನಲ್ಲಿ ಎಲ್ಲರೂ ಜೋರಾಗಿಯೇ ಹೋಗುತ್ತಾರೆ. ಎತ್ತರದ, ಅಗಲ ಕಮ್ಮಿ ಇರುವ ಡಬ್ಬಿಗೆ ಕಡಲ ಕಡೆಯ ಗಾಳಿ ಹೊಡೆದರೆ ಸ್ಟೇರಿಂಗ್ ಹಿಡಿದವನಿಗೇ ಗೊತ್ತು.

ಮುಳ್ಳೇರಿಯ ವರ್ಕ್‌ಶಾಪ್
ಅಂದದ ಜಗಳ ಆಮೇಲೆ ಮಾಡಿ ಮಾರಾಯ್ರೆ. ನನಗೆ ಕಾಣುವ ಸಮಸ್ಯೆ ಬೇರೆ. ಎಲ್ಲ ಅಂಕವನ್ನೂ ಖಾಲಿ ಗಾಡಿ ನೋಡಿ ಕೊಟ್ಟಿದ್ದೀರಿ. ಗೇಮ್ ಕೊಡುವ ಸಂಖ್ಯೆ ಡ್ರೈವರ್ ಒಬ್ಬ ಕೂತಾಗಿನದ್ದು. ಕುಟುಂಬದ ಗಾಡಿ ಅಂದ ಮೇಲೆ ಕುಟುಂಬ ಕೂತ ಮೇಲೆ ಅಲ್ವಾ ಅಳೆಯಬೇಕಾದ್ದು?

ಪೊಸಡಿಯನ್ನೇ ತೆಗೆದುಕೊಳ್ಳಿ. ಖಾಲಿ ತೂಕ 1080 ಕಿಲೋ. ಅದರಲ್ಲಿ ನೂರಕ್ಕೆ 60 ಭಾಗ ಮುಂದಿನ ಚಕ್ರದ ಮೇಲೆ, ಅಂದರೆ 648 ಕಿಲೋ. ಚೆಂದ. ಈಗ ಆರು ಜನ ದೊಡ್ಡವರು ಅಂತ ಹಿಡಿಯಿರಿ, 360 ಕಿಲೋ. ಡಿಕ್ಕಿಯಲ್ಲಿ 60. ಒಟ್ಟು 1500. ಮುಂದಿನ ಇಬ್ಬರ ಭಾರ ಎರಡೂ ಆಕ್ಸಲಿಗೆ, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರದ ಜೋಡಿಗೆ, ಹಂಚಿಹೋಗುತ್ತದೆ. ನಡುವಿನ ಸಾಲಿನದ್ದು ಹೆಚ್ಚಿನಂಶ ಹಿಂದಕ್ಕೆ. ಕೊನೆಯ ಸಾಲಿನವರು ಕೂರುವುದು ಹಿಂದಿನ ಆಕ್ಸಲ್ ಮೇಲೆಯೇ. ಡಿಕ್ಕಿಯ ಸಾಮಾನು ಅದಕ್ಕಿಂತಲೂ ಹಿಂದೆ. ಅದು ಮುಂದಿನ ಚಕ್ರವನ್ನು ಎತ್ತುವ ಕೆಲಸವನ್ನೇ ಮಾಡುತ್ತದೆ. ಲೆಕ್ಕ ಹಾಕಿದರೆ ಮುಂದೆ ಉಳಿಯುವುದು ಹೆಚ್ಚುಕಮ್ಮಿ 720 ಕಿಲೋ, ನೂರಕ್ಕೆ 48.

ಚಡಾವಿನಲ್ಲಿ ಮುಖ ಮೇಲೆ ಮಾಡಿದರೆ ಭಾರ ಇನ್ನೂ ಹಿಂದಕ್ಕೆ ಜಾರುತ್ತದೆ. ಮುಂದೆ ಸುಮಾರು 635 ಕಿಲೋ. ಐದಕ್ಕೊಂದು ಏರಿನಲ್ಲಿ ಈ ಗಾಡಿ ಹತ್ತಬೇಕಾದರೆ ಸುಮಾರು 320 ಕಿಲೋ ಎಳೆತ ಬೇಕು. ಅಂದರೆ ಚಕ್ರದ ಮೇಲಿನ ಭಾರದ ಅರ್ಧದಷ್ಟು ಹಿಡಿತ. ಒಣ ಕಾಂಕ್ರೀಟಿನಲ್ಲಿ ಧಾರಾಳ ಸಿಗುತ್ತದೆ. ಆಟಿ ತಿಂಗಳ ಮಳೆಯಲ್ಲಿ ಪಾಚಿ ಹಿಡಿದ ಪಟ್ಟಿಯಲ್ಲಿ ಸಿಗುವುದಿಲ್ಲ. ಚಕ್ರ ಅಲ್ಲಿಯೇ ಸುತ್ತುತ್ತದೆ. ಅದೇ ಭಾರಕ್ಕೆ ಹಿಂದಿನ ಚಕ್ರ ಎಳೆದರೆ ಅದರ ಮೇಲೆ 835 ಕಿಲೋ ಉಂಟು. ಆಗ ಬೇಕಾದ ಹಿಡಿತ ಮೂರನೇ ಒಂದಕ್ಕಿಂತ ತುಸು ಜಾಸ್ತಿ, ಅಷ್ಟೇ.

ನಮ್ಮ ಗುಡ್ಡೆಗಳಲ್ಲಿ ಜೀಪು, ಓಮ್ನಿ ಅಷ್ಟು ವರ್ಷ ನಡೆದದ್ದಕ್ಕೆ ಕಾರಣ ಇದೇ. ಬಲ ಜಾಸ್ತಿ ಇದ್ದು ಅಲ್ಲ. ಓಮ್ನಿಯದ್ದು 796 ಸಿಸಿ ಇಂಜಿನ್. ಭಾರ ಕೂತಲ್ಲಿಯೇ ಎಳೆತ ಇತ್ತು.

ನೀರ್ಚಾಲು ಹುಡುಗ
ಪೊಸಡಿಯಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಉಂಟು ಅಣ್ಣ.

ಮುಳ್ಳೇರಿಯ ವರ್ಕ್‌ಶಾಪ್
ಇರಲಿ, ಒಳ್ಳೆಯದೇ. ಒಂದು ಚಕ್ರ ಜಾರಿದರೆ ಅದಕ್ಕೆ ಬ್ರೇಕ್ ಹಾಕಿ ಇನ್ನೊಂದಕ್ಕೆ ಬಲ ಕಳಿಸುತ್ತದೆ. ಎರಡೂ ಪಾಚಿಯ ಮೇಲೆ ಇದ್ದರೆ ಹಿಡಿತ ಎಲ್ಲಿಂದ ತರುವುದು? ಆಗ ಜನ ಎರಡು ಉಪಾಯ ಮಾಡುತ್ತಾರೆ. ಒಂದು, ಗಾಡಿ ತಿರುಗಿಸಿ ರಿವರ್ಸಿನಲ್ಲಿ ಹತ್ತಿಸುವುದು. ಆಗ ಎಳೆಯುವ ಚಕ್ರ ಕೆಳಗೆ ಬರುತ್ತದೆ, ಭಾರ ಅದರ ಮೇಲೆ ಬೀಳುತ್ತದೆ. ಇನ್ನೊಂದು, ಎಲ್ಲರೂ ಇಳಿದು ನಡೆಯುವುದು. ಮೊಣಕಾಲು ನೋವಿನ ಅಜ್ಜಿ ಮಳೆಯಲ್ಲಿ ಆ ಏರು ನಡೆಯಬೇಕಾಗಿ ಬಂದರೆ ಕಾರು ತೆಗೆದು ಏನು ಬಂತು?

ಪೆರ್ಲದಕ್ಕ
ಅಜ್ಜಿಯ ವಿಷಯ ಬಂತಲ್ಲ, ನಾನೂ ಹೇಳುತ್ತೇನೆ. ನಮ್ಮ ಮನೆಯಲ್ಲೂ ಅತ್ತೆಗೆ ಮೊಣಕಾಲು ನೋವು. ಅವರು ಕಾರು ಹತ್ತುವುದನ್ನು ದಿನಾ ನೋಡುವವಳು ನಾನು. ಮೊದಲು ಬೆನ್ನು ತಿರುಗಿಸಿ ಸೀಟಿನ ಅಂಚಿಗೆ ಕೂರುತ್ತಾರೆ. ಮತ್ತೆ ಬಾಗಿಲಿನ ಪಕ್ಕದ ಕಂಬ ಹಿಡಿದು ಒಂದೊಂದೇ ಕಾಲು ಒಳಗೆ ಎಳೆದುಕೊಳ್ಳುತ್ತಾರೆ. ಸೀಟು ತಗ್ಗಾದರೆ ಏಳಲು ಆಗುವುದಿಲ್ಲ. ಜಾಸ್ತಿ ಎತ್ತರ ಆದರೆ ಕೂರಲು ಆಗುವುದಿಲ್ಲ. ನಮ್ಮ ಅಡುಗೆ ಮನೆಯ ಸ್ಟೂಲಿಗಿಂತ ಸ್ವಲ್ಪ ಮೇಲೆ ಇದ್ದರೆ ಸರಿ ಹೋಗುತ್ತದೆ. ಬಾಗಿಲಿನ ಹೊಸ್ತಿಲು ಅಗಲ ಇರಬಾರದು, ಕಾಲು ಅದನ್ನು ದಾಟಬೇಕಲ್ಲ. ನೆಲದಿಂದ 190 ಮಿ.ಮೀ. ಅಂತ ಎಲ್ಲರೂ ಹೊಗಳಿದಿರಿ. ಅದು ಕಲ್ಲಿಗೆ ತಾಗದ ಎತ್ತರ. ಸೀಟು ಎಷ್ಟು ಎತ್ತರ, ಹಿಡಿಯಲು ಹಿಡಿಕೆ ಎಲ್ಲಿ ಅಂತ ಯಾರೂ ಬರೆಯಲಿಲ್ಲ. ಶಿರಿಯದಲ್ಲಿ ಮಾತ್ರ ಕಂಬಕ್ಕೆ ಉದ್ದ ಹಿಡಿಕೆ ಕಂಡಿತು.

ಇನ್ನು ಮೂರು ವರ್ಷದ ಮಗು. ಅದಕ್ಕೆ ಮಕ್ಕಳ ಸೀಟು ಬೇಕು. ಅದನ್ನು ನಡುವಿನ ಸಾಲಿಗೆ ಗಟ್ಟಿಯಾಗಿ ಸಿಕ್ಕಿಸಿದ ಮೇಲೆ ಆ ಸೀಟನ್ನು ಮಡಚಲು ಬರುವುದಿಲ್ಲ. ಪೊಸಡಿಯಲ್ಲಿ ಹಿಂದಿನ ಸಾಲಿಗೆ ಹೋಗುವುದು ನಡುವಿನ ಸೀಟು ಮಡಚಿಯೇ, ಅದೂ ಒಂದೇ ಕಡೆಯಿಂದ. ಮಕ್ಕಳ ಸೀಟು ಆ ಕಡೆಯೇ ಇದ್ದರೆ ದಾರಿ ಬಂದ್. ಆಚೆ ಇಟ್ಟರೆ ಮಡಚಬೇಕಾದ ಸೀಟಿನಲ್ಲಿ ಅಜ್ಜಿ. ಅವರನ್ನು ಇಳಿಸಿ, ಸೀಟು ಮಡಚಿ, ಹಿಂದಿನವರನ್ನು ಹತ್ತಿಸಿ, ಮತ್ತೆ ಅವರನ್ನು ಹತ್ತಿಸಬೇಕು. ಶಿರಿಯದಲ್ಲಿ ನಡುವೆ ಎರಡು ಬೇರೆ ಬೇರೆ ಸೀಟು, ಮಧ್ಯೆ ಓಣಿ. ಎಂಟು ವರ್ಷದ ಹುಡುಗಿ ಸುಮ್ನೆ ನಡೆದು ಹೋಗುತ್ತಾಳೆ. ನನ್ನ ಮಟ್ಟಿಗೆ ಅಲ್ಲಿಯೇ ಸ್ಪರ್ಧೆ ಮುಗಿಯಿತು.

ಉಪ್ಪಳ ಟ್ಯಾಕ್ಸಿ
ಅಕ್ಕ ಹೇಳಿದ್ದು ಸರಿ. ಬಾಡಿಗೆ ಓಡಿಸುವವನ ಕಡೆಯಿಂದ ಎರಡು ಮಾತು. ಜಾರುವ ಬಾಗಿಲು ಅಜ್ಜಿಗೆ ಒಳ್ಳೆಯದು, ಅಂಗಳದ ಪಾಗಾರದ ಪಕ್ಕ ನಿಲ್ಲಿಸಿದರೂ ತೆರೆಯುತ್ತದೆ. ಆದರೆ ಅದರ ಕೆಳಗಿನ ಹಳಿಯಲ್ಲಿ ಕೆಸರು, ಕಲ್ಲಿನ ಪುಡಿ ಕೂರುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ತೊಳೆಯದಿದ್ದರೆ ಎಳೆಯಲು ಗಂಡಸೇ ಬೇಕು. ಶಿರಿಯದ ಚಿತ್ರದಲ್ಲಿ ಹಳಿ ತೆರೆದೇ ಉಂಟು. ಅದಕ್ಕೆ ಅಂಕ ಕಳೆಯಬೇಕಿತ್ತು.

ಎರಡನೆಯದು ಗಾಳಿ. ಚೆರ್ಕಳ–ಜಾಲ್ಸೂರು ದಾರಿಯಲ್ಲಿ ಸುಳ್ಯ ದಾಟಿ ಮಡಿಕೇರಿಗೆ ಹೋಗುವಾಗ ತಿರುವು ಮುಗಿಯುವುದಿಲ್ಲ. ಮಕ್ಕಳನ್ನು ಕೊನೆಯ ಸಾಲಿಗೆ ಹಾಕುತ್ತೇವೆ. ಅಲ್ಲಿ ಕಿಟಕಿ ತೆರೆಯುವುದಿಲ್ಲ, ಎಸಿ ಗಾಳಿ ಬರುವುದಿಲ್ಲ. ಸಂಪಾಜೆ ಘಾಟಿ ಅರ್ಧ ಆಗುವಾಗ ವಾಂತಿ ಶುರು. ಮಳೆಯಲ್ಲಿ ಒದ್ದೆ ಬಟ್ಟೆಯ ಆರು ಜನ ಕೂತರೆ ಗ್ಲಾಸಿಗೆ ಒಳಗಿಂದ ಹಬೆ ಹಿಡಿಯುತ್ತದೆ. ಹಿಂದಿನ ಗ್ಲಾಸು ಕಾಣದೆ ಆ ಚಡಾವಿನಲ್ಲಿ ರಿವರ್ಸ್ ತೆಗೆದು ನೋಡಿ. ಕೊನೆಯ ಸಾಲಿಗೆ ಗಾಳಿ ಕೊಡುವ ತೂತು, ಹಿಂದಿನ ಗ್ಲಾಸಿಗೆ ಬಿಸಿ ತಂತಿ, ಇವೆರಡು ಇಲ್ಲದ ಗಾಡಿಯನ್ನು ಏಳು ಸೀಟಿನದ್ದು ಅಂತ ಕರೆಯಬಾರದು. ಎರಡೂ ಇರುವುದು ಪೊಸಡಿಯಲ್ಲಿ ಮಾತ್ರ. ಹುಡುಗ ಯೋಚನೆ ಮಾಡಿದ್ದಾನೆ.

ನೀರ್ಚಾಲು ಹುಡುಗ
ಧನ್ಯವಾದ ಅಣ್ಣ. ಅಕ್ಕ ಹೇಳಿದ ಮಕ್ಕಳ ಸೀಟಿನ ತೊಂದರೆ ನಿಜ. ನಡುವಿನ ಸೀಟನ್ನು ಎರಡೂ ಕಡೆಯಿಂದ ಮುಂದೆ ಜಾರುವ ಹಾಗೆ ಮಾಡಬಹುದು, ತೂಕ ಸ್ವಲ್ಪ ಏರುತ್ತದೆ.

ಆದರೆ ಹಿಂದಿನ ಚಕ್ರದ ಎಳೆತ ಪುಕ್ಕಟೆ ಬರುವುದಿಲ್ಲ ಅನ್ನುವುದನ್ನು ಯಾರೂ ಹೇಳಲಿಲ್ಲ. ಮುಂದಿನಿಂದ ಹಿಂದಕ್ಕೆ ಉದ್ದ ಶಾಫ್ಟ್ ಬೇಕು, ಹಿಂದೆ ಎರಡು ಚಕ್ರಕ್ಕೆ ಬಲ ಹಂಚುವ ಡಿಫರೆನ್ಷಿಯಲ್ ಬೇಕು. ಅದಕ್ಕೆ ಜಾಗ ಕೊಡಲು ಕಾರಿನ ಒಳಗಿನ ನೆಲ ಮೇಲೆ ಹೋಗುತ್ತದೆ. ಶಿರಿಯದ ನೆಲ ನನ್ನದಕ್ಕಿಂತ ಎತ್ತರ ಇರುವುದು ಅದಕ್ಕೇ. ಇಂಜಿನ್ ಉದ್ದಕ್ಕೆ ಕೂರಿಸಿದ್ದರಿಂದ 4 ಮೀಟರಿನಲ್ಲಿ ಮುಂದೆ ಗುದ್ದಿದರೆ ಕುಗ್ಗಲು ಉಳಿಯುವ ಜಾಗವೂ ಕಮ್ಮಿ. ಓಮ್ನಿಯನ್ನು ಹೊಗಳಿದಿರಿ. ಅದರಲ್ಲಿ ಡ್ರೈವರನ ಕಾಲಿಗೂ ಎದುರಿನ ಲಾರಿಗೂ ನಡುವೆ ಬಂಪರ್ ಬಿಟ್ಟರೆ ಏನಿತ್ತು? 1984ರಲ್ಲಿ ಬಂದ ಗಾಡಿ 2019ರಲ್ಲಿ ನಿಂತಿತು, ಹೊಸ ಸುರಕ್ಷೆಯ ನಿಯಮಕ್ಕೆ ಅದು ಹೊಂದುತ್ತಿರಲಿಲ್ಲ. ಭಾರತ್ ಎನ್‌ಕ್ಯಾಪ್ ಅನ್ನುವ ಕಾರಿನ ಸುರಕ್ಷೆಯ ಪರೀಕ್ಷೆ 2023ರ ಅಕ್ಟೋಬರ್ 1ರಿಂದ ಶುರುವಾಗಿದೆ. ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸಿ ನೋಡುತ್ತಾರೆ. ನಾನು ಆ ಪರೀಕ್ಷೆ ಕಣ್ಣ ಮುಂದೆ ಇಟ್ಟುಕೊಂಡೇ ಮುಂಭಾಗ ಮಾಡಿದ್ದು. ಚಡಾವು ಅರ್ಧ ನಿಮಿಷದ ಕಷ್ಟ. ಹೆದ್ದಾರಿಯಲ್ಲಿ ಗುದ್ದಿದರೆ ಜೀವದ ಪ್ರಶ್ನೆ.

ಕುಂಬಳೆ ಕಡಲು
ಸುರಕ್ಷೆಯಲ್ಲಿ ನೀನು ನನಗಿಂತ ಮುಂದೆ, ಒಪ್ಪುತ್ತೇನೆ ತಮ್ಮ. ನನ್ನ ಮುಂಭಾಗ ಗಿಡ್ಡವೇ. ಆದರೆ ಹಿಂಭಾಗ? 3990 ಮಿ.ಮೀ.ನಲ್ಲಿ ಮೂರು ಸಾಲು ಹಾಕಿದ್ದೀ. ಕೊನೆಯ ಸಾಲಿನ ತಲೆಗೂ ಹಿಂದಿನ ಗ್ಲಾಸಿಗೂ ನಡುವೆ ಒಂದು ಗೇಣು ಜಾಗ. ಎನ್‌ಕ್ಯಾಪಿನಲ್ಲಿ ಮುಂದಿನಿಂದ, ಬದಿಯಿಂದ ಗುದ್ದಿಸುತ್ತಾರೆ. ಹಿಂದಿನಿಂದ ಟಿಪ್ಪರ್ ಬಂದು ಗುದ್ದಿದರೆ ಅಲ್ಲಿ ಕೂತಿರುವುದು ಮಕ್ಕಳು. ಈ ತೊಂದರೆ ನನ್ನ ಶಿರಿಯದಲ್ಲೂ ಉಂಟು, 4 ಮೀಟರ್ ಒಳಗೆ ಮೂರು ಸಾಲು ಮಾಡಿದ ಯಾರನ್ನೂ ಬಿಡುವುದಿಲ್ಲ. ನಿಜದ ರೆನೋ ಟ್ರೈಬರ್ 2019ರಲ್ಲಿ ಅದೇ ಅಳತೆಯಲ್ಲಿ ಏಳು ಸೀಟು ತಂದಿತು. ಮೂರನೇ ಸಾಲು ಹಾಕಿದರೆ ಡಿಕ್ಕಿ 84 ಲೀಟರ್ ಮಾತ್ರ. ಆಸ್ಪತ್ರೆಯಲ್ಲಿ ನಿಲ್ಲಬೇಕಾಗಿ ಬಂದರೆ ಬಟ್ಟೆಯ ಬ್ಯಾಗು, ಫ್ಲಾಸ್ಕು, ಚಾಪೆ ಎಲ್ಲಿ ಇಡುವುದು? ಮಡಿಲಲ್ಲಿ.

ಪೆರ್ಲದಕ್ಕ
ಹಾಗಾದರೆ ತೆರಿಗೆಯ ನಿಯಮವೇ ಈ ಮನೆಗೆ ಅನ್ಯಾಯ ಮಾಡುತ್ತಿದೆ ಅಂತ ನನಗೆ ಅನಿಸುತ್ತದೆ. ಆರು ಜನರ ಮನೆಗೆ ನಿಜವಾಗಿ ಬೇಕಾದ್ದು ಪಯಸ್ವಿನಿಯಂಥ ಗಾಡಿ. 380 ಮಿ.ಮೀ. ಉದ್ದ ಕೂಡಿದ್ದರಿಂದ ಅದು ಐಷಾರಾಮಿ ಕಾರಿನ ಲೆಕ್ಕಕ್ಕೆ ಹೋಯಿತು. ಒಬ್ಬನೇ ಓಡಾಡುವವನ ಸಣ್ಣ ಕಾರಿಗೆ 18, ಅಜ್ಜ ಅಜ್ಜಿಯನ್ನು ಜೊತೆಗೆ ಇಟ್ಟುಕೊಂಡವರ ಕಾರಿಗೆ 40.

ಉಪ್ಪಳ ಟ್ಯಾಕ್ಸಿ
ಅದನ್ನು ನಾವು ಇಲ್ಲಿ ತಿದ್ದಲು ಆಗುವುದಿಲ್ಲ ಅಕ್ಕ. ಆದರೆ ಮಾತು ಹೌದು.

ಮಧೂರು ಮಾಷ್ಟ್ರು (ತೀರ್ಪುಗಾರರು)
ಎಲ್ಲ ಓದಿದೆ. ಫಲಿತಾಂಶ ಬದಲಿಸುವುದಿಲ್ಲ. ಅಂಕದ ಹಂಚಿಕೆ ಮೊದಲೇ ಹೇಳಿದ್ದೆ, ಎಲ್ಲರೂ ಅದನ್ನು ನೋಡಿಯೇ ಕಾರು ಮಾಡಿದ್ದು. ಆಟ ಮುಗಿದ ಮೇಲೆ ಗೆರೆ ಅಳಿಸಿ ಬರೆದರೆ ಯಾರೂ ನಂಬುವುದಿಲ್ಲ. ನೀರ್ಚಾಲಿನ ಹುಡುಗ ಕೊಟ್ಟ ಷರತ್ತಿಗೆ ಸರಿಯಾಗಿ ದುಡಿದಿದ್ದಾನೆ, ಗೆದ್ದಿದ್ದಾನೆ.

ಆದರೆ ಇದೇ ಮನೆಗೆ ಇನ್ನೊಂದು ಸುತ್ತು ಮಾಡೋಣ. ಈ ಸಲ ಎಲ್ಲ ಸಂಖ್ಯೆಯೂ ಜನ ತುಂಬಿದ ಗಾಡಿಯದ್ದೇ ಇರಬೇಕು. ನೆಲದಿಂದ ಎತ್ತರವೂ ಹಾಗೆಯೇ. ಅಂಗಡಿಯಲ್ಲಿ ಸಿಗುವ ಕಾರುಗಳಲ್ಲಿ ಕೆಲವರು ಖಾಲಿ ಗಾಡಿಯದ್ದು ಹೇಳುತ್ತಾರೆ, ಕೆಲವರು ಭಾರ ಹೇರಿದ್ದು. ಹೋಲಿಸಲು ಬರುವುದಿಲ್ಲ. ಚಡಾವಿನಲ್ಲಿ ಎಳೆಯುವ ಚಕ್ರದ ಮೇಲಿನ ಭಾರ, ಮೂರೂ ಸಾಲು ಹಾಕಿದಾಗಿನ ಡಿಕ್ಕಿ, ಸೀಟಿನ ಎತ್ತರ, ಮಕ್ಕಳ ಸೀಟು ಇಟ್ಟ ಮೇಲೆ ಹಿಂದಕ್ಕೆ ಹೋಗುವ ದಾರಿ, ಇಷ್ಟನ್ನು ಬರೆದು ಕೊಡಿ. ಅಂದಕ್ಕೆ 15. ಅದಕ್ಕಿಂತ ಇಳಿಸುವುದಿಲ್ಲ ಕಡಲು, ಆ ಮನೆಯವರಿಗೂ ಕಣ್ಣಿದೆ.

ಪೆರ್ಲದಕ್ಕ, ನೀವು ನನ್ನ ಜೊತೆ ತೀರ್ಪಿಗೆ ಕೂರಬೇಕು. ಹತ್ತುವುದು ಇಳಿಯುವುದರ ಅಂಕ ಪೂರ್ತಿ ನಿಮ್ಮದು.

ಪೆರ್ಲದಕ್ಕ
ಕೂರುತ್ತೇನೆ ಮಾಷ್ಟ್ರೆ. ಸೀಟಿನ ಎತ್ತರ ಅಂಗಳದ ನೆಲದಿಂದ ಅಳೆದು ಬರೆಯಿರಿ, ಕಾರಿನ ಒಳಗಿನ ನೆಲದಿಂದ ಅಲ್ಲ.

ನೀರ್ಚಾಲು ಹುಡುಗ
ನಾನು ತಯಾರು. ಮುಂದಿನ ಚಕ್ರದಲ್ಲೇ ಇರುತ್ತೇನೆ, ಆದರೆ ಕೊನೆಯ ಸಾಲನ್ನು ಮುಂದೆ ತಂದು, ಸ್ಟೆಪ್ನಿಯನ್ನು ಹಿಂದಿನಿಂದ ತೆಗೆದು ನಡುವಿನ ಸೀಟಿನ ಅಡಿಗೆ ಹಾಕಿ ನೋಡುತ್ತೇನೆ. ಒಬ್ಬೊಬ್ಬರ ತೂಕ ಎಷ್ಟು ಹಿಡಿಯಬೇಕು ಮಾಷ್ಟ್ರೆ?

ಮಧೂರು ಮಾಷ್ಟ್ರು (ತೀರ್ಪುಗಾರರು)
ದೊಡ್ಡವರಿಗೆ 65 ಕಿಲೋ. ಮಕ್ಕಳಿಗೆ ಅವರ ಸೀಟೂ ಸೇರಿ 30. ಡಿಕ್ಕಿಯಲ್ಲಿ 60.

ಮುಳ್ಳೇರಿಯ ವರ್ಕ್‌ಶಾಪ್
ಮೊದಲ ಗೇರಿನ ರೇಶಿಯೋ ಸಹ ಕೇಳಿ ಮಾಷ್ಟ್ರೆ. ಚಡಾವಿನ ನಡುವೆ ಎದುರಿಂದ ಗಾಡಿ ಬಂದು ನಿಲ್ಲಿಸಬೇಕಾದರೆ ಮತ್ತೆ ಹೊರಡುವುದು ಅದರ ಮೇಲೆಯೇ. ಗೇರು ಉದ್ದ ಆದರೆ, ಅಂದರೆ ವೇಗ ಜಾಸ್ತಿ ಎಳೆತ ಕಮ್ಮಿ ಕೊಡುವಂಥದ್ದಾದರೆ, ಹುಡುಗರು ಕ್ಲಚ್ ಅರ್ಧ ಒತ್ತಿ ಹಿಡಿದೇ ಹತ್ತಿಸುತ್ತಾರೆ. ವರ್ಷದೊಳಗೆ ಪ್ಲೇಟು ಸುಟ್ಟು ನನ್ನಲ್ಲಿಗೆ ಬರುತ್ತದೆ.