ಹುಬ್ಬಳ್ಳಿಯಿಂದ ಸ್ಯಾನ್ ಫ್ರಾನ್ಸಿಸ್ಕೋ: ನಿಜವಾಗಿ ಎಷ್ಟು ಗಂಟೆ?

ಕೇಳಿದವರು, ಹುಬ್ಬಳ್ಳಿ ವಿದ್ಯಾನಗರದಿಂದ:
ಅಪ್ಪ, ಅವ್ವ ಜೂನ್‌ನಲ್ಲಿ ನನ್ನ ತಮ್ಮನ ಮನೆಗೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದಾರೆ. ವಿಮಾನ ಹತ್ತುವುದೇ ಮೊದಲ ಸಲ. ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಬೇಕು. ಬೆಂಗಳೂರಿಂದ ಬೆಳಗಿನ ಜಾವ 3ಕ್ಕೆ ಹೊರಟು ಅದೇ ತಾರೀಕು ಸಂಜೆ 4ಕ್ಕೆ ಇಳಿಯೋದು ಅಂತ ಟಿಕೆಟ್‌ನಲ್ಲಿದೆ. ಬರೀ 13 ಗಂಟೆನಾ? ದೂರ ಎಷ್ಟು? ಹೋಗಿ ಬಂದವರು ಹೇಳ್ರಿ.

ನವನಗರದಿಂದ:
13 ಅಲ್ರೀ, ಇಪ್ಪತ್ತೈದೂವರೆ ಗಂಟೆ! ಟಿಕೆಟ್‌ನಲ್ಲಿ ಇರೋದು ಆಯಾ ಊರಿನ ಟೈಮು. ಜೂನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ ಇರುತ್ತದೆ. ಅಲ್ಲಿ ಸಂಜೆ 4 ಅಂದರೆ ಇಲ್ಲಿ ಮರುದಿನ ಬೆಳಗಿನ ನಾಲ್ಕೂವರೆ. ಫ್ರಾಂಕ್‌ಫರ್ಟ್‌ವರೆಗೆ ಸುಮಾರು 10 ಗಂಟೆ, ಮುಂದಿನದ್ದು ಹನ್ನೊಂದೂವರೆ, ನಡುವೆ ಕಾಯೋದು. ಚಳಿಗಾಲಕ್ಕೆ ಹೋಗೋರಿಗೆ ಲೆಕ್ಕ ಬೇರೆ. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಇಡ್ತಾರೆ, ಅಂತರ ಹದಿಮೂರೂವರೆ ಆಗುತ್ತದೆ.

ಇನ್ನೊಂದು ಮಾತು. ಉದಾಹರಣೆಗೆ, ಟಿಕೆಟ್‌ನಲ್ಲಿ 12ನೇ ತಾರೀಕು ಬೆಳಗಿನ ಜಾವ 3 ಅಂತಿದ್ದರೆ 11ರ ರಾತ್ರಿಯೇ ಏರ್‌ಪೋರ್ಟ್‌ನಲ್ಲಿರಬೇಕು. ಇದನ್ನ ಹಿರಿಯರಿಗೆ ಎರಡು ಸಲ ಹೇಳ್ರಿ.

ಧಾರವಾಡದಿಂದ, ಭೂಗೋಳದ ಮೇಷ್ಟ್ರು:
ದೂರ ನೋಡೋಕೆ ಗೋಡೆ ನಕಾಶೆ ಬೇಡ. ಗ್ಲೋಬ್ ಮೇಲೆ ದಾರ ಹಿಡಿದು ನೋಡ್ರಿ. ಬೆಂಗಳೂರು, ಸ್ಯಾನ್ ಫ್ರಾನ್ಸಿಸ್ಕೋ ಎರಡೂ ಹೆಚ್ಚುಕಡಿಮೆ ಭೂಮಿಯ ಆಚೆ ಈಚೆ ಇವೆ. ಹಾಗಾಗಿ ದಾರ ಉತ್ತರ ಧ್ರುವದ ಹತ್ತಿರ ಹಾದುಹೋಗುತ್ತದೆ, ಉದ್ದ ಸುಮಾರು 14,000 ಕಿ.ಮೀ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ತಂದದ್ದು ಧ್ರುವದ ಮೇಲಿನ ಈ ದಾರಿಯಲ್ಲೇ. ಕ್ಯಾಪ್ಟನ್ ಜೋಯಾ ಅಗರ್ವಾಲ್, ಪೈಲಟ್‌ಗಳೆಲ್ಲ ಹೆಣ್ಣುಮಕ್ಕಳು. ನಮ್ಮ ಶಾಲೆ ಹುಡುಗಿಯರಿಗೆ ಈಗಲೂ ಹೇಳ್ತೀನಿ.

ಫ್ರಾಂಕ್‌ಫರ್ಟ್ ಸುತ್ತಿಕೊಂಡು ಹೋದರೆ 7,400 ಕಿ.ಮೀ. ಮತ್ತು 9,150 ಕಿ.ಮೀ., ಒಟ್ಟು ಹದಿನಾರೂವರೆ ಸಾವಿರ. ಬರುವಾಗ ಇದೇ ದಾರಿಯಾದರೂ ಹಾರೋ ಹೊತ್ತು ಕಡಿಮೆ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತಿರುತ್ತದೆ, ಅದು ಹಿಂದಿನಿಂದ ತಳ್ಳುತ್ತದೆ.

ಗದಗಿನಿಂದ:
ಲೆಕ್ಕ ಆಯ್ತು, ನಡೆಯೋದು ಹೇಳಲಾ? ಫ್ರಾಂಕ್‌ಫರ್ಟ್ ದೊಡ್ಡ ಏರ್‌ಪೋರ್ಟ್, ಒಂದು ಗೇಟಿಂದ ಇನ್ನೊಂದಕ್ಕೆ ನಡೆದು ಸುಸ್ತಾಗುತ್ತದೆ. ಇಬ್ಬರಿಗೂ ವೀಲ್‌ಚೇರ್ ಈಗಲೇ ಬರೆಸ್ರಿ, ದುಡ್ಡು ಕೊಡಬೇಕಿಲ್ಲ. ತಳ್ಳಿಕೊಂಡು ಹೋಗುವವರೇ ಮುಂದಿನ ಗೇಟಿಗೆ ಮುಟ್ಟಿಸ್ತಾರೆ, ಇಂಗ್ಲಿಷ್ ಬರದಿದ್ದರೂ ಚಿಂತೆ ಇಲ್ಲ. ನಮ್ಮ ಅತ್ತೆಯವರು ಹೀಗೇ ಹೋಗಿ ಬಂದರು. ಶೇಂಗಾ ಚಟ್ನಿಪುಡಿ ಕೈಚೀಲದಲ್ಲಿ ಬೇಡ. ಅಮೆರಿಕದ ವಿಮಾನಕ್ಕೆ 350 ಮಿಲಿಲೀಟರ್ ಅಳತೆಗಿಂತ ಜಾಸ್ತಿ ಪುಡಿ ಕೈಯಲ್ಲಿದ್ದರೆ ತಡೆದು ತಪಾಸಣೆ ಮಾಡ್ತಾರೆ, ತೆಗೆದಿಡಲೂಬಹುದು. ದೊಡ್ಡ ಬ್ಯಾಗಿಗೆ ಹಾಕಿಬಿಡ್ರಿ. ಹಣ್ಣು ಮಾತ್ರ ಎಲ್ಲೂ ಬೇಡ.

ಹುಬ್ಬಳ್ಳಿ ಗೋಕುಲ ರಸ್ತೆಯಿಂದ:
ನಮ್ಮೂರಿಂದ ಬೆಂಗಳೂರಿಗೆ ವಿಮಾನದಲ್ಲಿ ಸುಮಾರು ಒಂದು ಗಂಟೆ, ಆಸೆ ಆಗೋದು ಸಹಜ. ಆದರೆ ಅದು ಬೇರೆ ಟಿಕೆಟ್ ಆದರೆ ಜೂನ್ ಮಳೆಗೆ ತಡವಾದಾಗ ಮುಂದಿನ ವಿಮಾನದವರು ಕಾಯಲ್ಲ. ಏರ್‌ಪೋರ್ಟ್‌ಗೆ ಹೋಗೋ ದಿನದ ಹಿಂದಿನ ರಾತ್ರಿಯೇ ರಾಣಿ ಚೆನ್ನಮ್ಮ ರೈಲು ಹತ್ತಿಸ್ರಿ. ಬೆಳಿಗ್ಗೆ ಬೆಂಗಳೂರು, ಹಗಲೆಲ್ಲ ಯಾರಾದರೂ ನೆಂಟರ ಮನೆಯಲ್ಲಿ ನಿದ್ದೆ, ರಾತ್ರಿ 9ಕ್ಕೆ ದೇವನಹಳ್ಳಿ ಕಡೆ. ದೇವನಹಳ್ಳಿ ಅಂದರೆ ಊರಿಂದ 35 ಕಿ.ಮೀ. ಮೇಲೇ ಇದೆ, ಟ್ರಾಫಿಕ್ಕಿಗೂ ಹೊತ್ತು ಇಟ್ಟುಕೊಳ್ಳಿ.